ಕೊಣ್ಣೂರಿನ ಕೋಟ್ಯಧೀಶೆ

ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ಹುಟ್ಟಿ ಹದಿನೇಳನೆಯ ವಯಸ್ಸಿಗೇ ಕೋಟ್ಯಧೀಶೆಯಾದವಳು ನಾನೊಬ್ಬಳೇ ಇರಬೇಕು. 2004ರಲ್ಲಿ ಟರ್ಕಿಯ ಎಸ್ಕಿಶೆಹಿರ್ ಎಂಬ ಊರಿನಲ್ಲಿ ನನ್ನ ಕೈಗೆ ಬಂದ ಮೊದಲ ಕೈಖರ್ಚಿನಲ್ಲಿ ಒಂದು ಕೋಟಿ ಲಿರಾದ ನೋಟುಗಳಿದ್ದವು. ಬಿಡಿ ನೋಟು, ಕಂತೆಯಲ್ಲ. ರಸ್ತೆಯಲ್ಲಿ ಮಾರುವ, ಎಳ್ಳು ಹಚ್ಚಿದ ಬಳೆಯಾಕಾರದ ಸಿಮಿತ್ ಬ್ರೆಡ್ಡಿಗೂ ಅಲ್ಲಿ ಲಕ್ಷಗಟ್ಟಲೆ ಎಣಿಸಬೇಕಾಗಿತ್ತು. ಒಂದು ಕೋಟಿ ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಮುನ್ನೂರು ರೂಪಾಯಿ. ಆದರೆ ಆ ವಿವರ ನಮ್ಮ ಆಯಿಯ, ಅಂದರೆ ಅಜ್ಜಿಯ, ಕಿವಿಗೆ ಬೀಳುವ ಮೊದಲೇ ಸುದ್ದಿ ಓಣಿ ದಾಟಿತ್ತು. ಇಬ್ಬರು ಬೀಗರ ಕಡೆಯವರು ನನ್ನ ಜಾತಕ ಕೇಳಿಕೊಂಡು ಬಂದು ಹೋದರಂತೆ.

ಶ್ರೀಮಂತಿಕೆ ಬಹಳ ದಿನ ಬಾಳಲಿಲ್ಲ. 2005ರ ಜನವರಿ 1ಕ್ಕೆ ಅಲ್ಲಿನ ಸರಕಾರ ಲಿರಾದ ಹಿಂದಿನ ಆರು ಸೊನ್ನೆಗಳನ್ನು ಒಂದೇ ಏಟಿಗೆ ಅಳಿಸಿಹಾಕಿತು. ರಾತ್ರಿ ಕೋಟಿ ಇಟ್ಟುಕೊಂಡು ಮಲಗಿದವಳು ಬೆಳಿಗ್ಗೆ ಹತ್ತು ಲಿರಾದ ಒಡತಿಯಾಗಿ ಎದ್ದೆ. ನಾನಿದ್ದ ಮನೆಯ ಅಜ್ಜಿ, ಅವರ ಭಾಷೆಯಲ್ಲಿ ಬಾಬಾನ್ನೆ, ಆಮೇಲೂ ತರಕಾರಿಯವನ ಹತ್ತಿರ ಮಿಲಿಯನ್ನಿನಲ್ಲೇ ಚೌಕಾಸಿ ಮಾಡುತ್ತಿದ್ದಳು. ಸೊನ್ನೆ ಹೋದರೂ ಆಕೆಯ ಠೀವಿ ಹೋಗಲಿಲ್ಲ.

ನಾನು ಹೋದದ್ದು ರೋಟರಿಯ ಯುವ ವಿನಿಮಯದಲ್ಲಿ. ಹರೆಯದ ಮಕ್ಕಳು ಒಂದು ವರ್ಷ ಪರದೇಶದ ಮನೆಗಳಲ್ಲಿ ಇದ್ದು ಅಲ್ಲಿನ ಶಾಲೆಗೆ ಹೋಗುವ ಏರ್ಪಾಡು ಅದು. ವಿಮಾನದ ಖರ್ಚು ನಮ್ಮದು. ಊಟ, ವಸತಿ, ಸಣ್ಣ ಕೈಖರ್ಚು ಅವರದು. ಇಟ್ಟುಕೊಂಡ ಮನೆಯವರಿಗೆ ಒಂದು ಪೈ ಸಂಬಳವಿಲ್ಲ. ಹೊರಡುವ ಮುಂಚೆ ನಾಲ್ಕು ಕಟ್ಟಳೆ ಬಾಯಿಪಾಠ ಮಾಡಿಸುತ್ತಾರೆ: ಕುಡಿಯಬಾರದು, ಮಾದಕ ವಸ್ತು ಮುಟ್ಟಬಾರದು, ಗಾಡಿ ಓಡಿಸಬಾರದು, ಪ್ರೀತಿ ಪ್ರೇಮ ಅಂತ ತಿರುಗಬಾರದು. ಅಪ್ಪ ಇದನ್ನು ಗಂಭೀರವಾಗಿ ಓದಿ ಹೇಳಿದಾಗ ಆಯಿ, “ಇದರಾಗ ಹೊಸಾದೇನೈತೋ? ಇಷ್ಟ ಕಲಿಯಾಕ ಅಷ್ಟ ದೂರ ಯಾಕ ಹೋಗ್ಬೇಕ? ನಾ ದಿನಾ ಹೇಳೂದ ಇದ ಅಲ್ಲೇನ?” ಅಂದಳು. ಗೋಕಾಕದ ಟೇಲರ್ ಹೊಲಿದ ನೀಲಿ ಬ್ಲೇಜರ್ ಹಾಕಿಕೊಂಡು ನಿಂತಾಗ ಇನ್ನೊಂದು ತೀರ್ಪು ಬಂತು: “ಥೇಟ್ ಬ್ಯಾಂಡ್ ಕಂಪನಿಯವರಂಗ ಕಾಣಸ್ತಿ ನೋಡವಾ.”

ಉಡುಗೊರೆಗೆ ಏನು ಒಯ್ಯಬೇಕೆಂಬ ಚರ್ಚೆಯೇ ನಮ್ಮಲ್ಲಿ ಹುಟ್ಟಲಿಲ್ಲ. ಕರದಂಟು ಮತ್ತು ಗೋಕಾಕದ ಹಣ್ಣು, ಮುಗಿಯಿತು. ಗೋಕಾಕದ ಹಣ್ಣೆಂದರೆ ತಿನ್ನುವುದಲ್ಲ, ಜಿನಗಾರರು ಬಣ್ಣ ಹಚ್ಚಿ ಮಾಡುವ ಆಟಿಕೆ. ಪೇರಲ, ಸೀತಾಫಲ, ಬಾಳೆ, ಒಂದು ಮೆಣಸಿನಕಾಯಿ. ಅಷ್ಟನ್ನೂ ಅವ್ವ ನನ್ನ ಸ್ವೆಟರಿನೊಳಗೆ ಸುತ್ತಿ ಇಟ್ಟಿದ್ದಳು. ಎಸ್ಕಿಶೆಹಿರಿನ ಮನೆಯಲ್ಲಿ ಬಾಬಾನ್ನೆ ಅವುಗಳನ್ನು ಮೆಚ್ಚುಗೆಯಿಂದ ನೋಡಿ, ನಲ್ಲಿಯ ಕೆಳಗೆ ಹಿಡಿದು ತೊಳೆದು, ಒರೆಸಿ, ಫ್ರಿಜ್ಜಿನಲ್ಲಿಟ್ಟಳು. ಸಂಜೆ ಅಜ್ಜ, ಅವರ ಮಾತಿನಲ್ಲಿ ದೆದೆ, ಪೇರಲಕ್ಕೆ ಚಾಕು ಹಾಕಿದ. ಚಾಕು ಹೊರಳಿತು, ಪೇರಲ ಜಗ್ಗಲಿಲ್ಲ. ಮನೆಯವರೆಲ್ಲ ನಗುವಾಗ ದೆದೆ ಮಾತ್ರ ನಗಲಿಲ್ಲ. ಕನ್ನಡಕ ಏರಿಸಿ, ಬಾಳೆಹಣ್ಣಿನ ತುದಿಯ ಕಪ್ಪು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದ. ತೊಟ್ಟು ಎಲ್ಲಿ ಕೂಡಿಸಿದ್ದಾರೆಂದು ಬೆಳಕಿಗೆ ಹಿಡಿದು ಹುಡುಕಿದ. ಆತ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವ. ಅವತ್ತಿನಿಂದ ಗೋಕಾಕ ಎಂಬ ಊರಿನ ಬಗ್ಗೆ ಆತನಿಗೆ ಗೌರವ ಹುಟ್ಟಿತು. ಕರದಂಟಿನಿಂದ ಅದು ಹುಟ್ಟಿರಲಿಲ್ಲ. ಆತನ ಹಲ್ಲು ಅದಕ್ಕೆ ತಕ್ಕ ಹಲ್ಲಲ್ಲ.

ಎಸ್ಕಿಶೆಹಿರ್ ಅಂದರೆ ರೈಲ್ವೆ ಕಾರ್ಖಾನೆಯ ಊರು. ಟರ್ಕಿಯವರು ತಮ್ಮದೇ ಎಂದು ಹೆಮ್ಮೆಪಡುವ ‘ದೆವ್ರಿಮ್’ ಎಂಬ ಕಾರು 1961ರಲ್ಲಿ ತಯಾರಾದದ್ದು ಅಲ್ಲಿಯೇ. ನಾಲ್ಕೂವರೆ ತಿಂಗಳಲ್ಲಿ ನಾಲ್ಕು ಕಾರು ಕಟ್ಟಿದರು. ಅಕ್ಟೋಬರ್ 29ರ ಗಣರಾಜ್ಯ ದಿನಕ್ಕೆ ಅಧ್ಯಕ್ಷ ಗುರ್ಸೆಲ್ ಸಾಹೇಬರನ್ನು ಕೂರಿಸಿಕೊಂಡು ಹೋಗಲೆಂದು ಎರಡನ್ನು ರೈಲಿನಲ್ಲಿ ಅಂಕಾರಾಕ್ಕೆ ಕಳಿಸಿದರು. ಬೆಂಕಿಯ ಭಯಕ್ಕೆ ರೈಲಿಗೇರಿಸುವ ಮುಂಚೆ ಪೆಟ್ರೋಲು ಬಸಿದಿದ್ದರು. ಅಧ್ಯಕ್ಷರು ಹತ್ತಿದ ಕಪ್ಪು ಕಾರು ಕೂಗಳತೆ ದೂರ ಹೋಗಿ ನಿಂತೇಬಿಟ್ಟಿತು. ಟ್ಯಾಂಕು ಖಾಲಿ! ಅಧ್ಯಕ್ಷರು ಇಳಿದು ಎರಡನೆಯ ಕಾರಿನಲ್ಲಿ ಹೋದರು, ಅದು ಸರಿಯಾಗಿಯೇ ಓಡಿತು. ಆದರೆ ಊರ ಬಾಯಿಗೆ ಸಿಕ್ಕಿದ್ದು ನಿಂತ ಕಾರು. ಯೋಜನೆ ಅಲ್ಲಿಗೇ ಬಿತ್ತು. ದೆದೆ ಆಗ ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗ. ಕಾರನ್ನು ಮುಟ್ಟುವಷ್ಟು ದೊಡ್ಡವನಾಗಿರಲಿಲ್ಲ, ದೂರದಿಂದ ನೋಡಿದ್ದನಷ್ಟೆ. ಆದರೂ ಪೆಟ್ರೋಲಿನ ಆ ಕಥೆಯನ್ನು ಹೇಳುವಾಗ ತಾನೇ ಕ್ಯಾನು ಹಿಡಿದು ತಡವಾಗಿ ಓಡಿಬಂದವನಂತೆ ನಿಟ್ಟುಸಿರು ಬಿಡುತ್ತಿದ್ದ. ಉಳಿದಿರುವ ಒಂದೇ ಒಂದು ಕಾರನ್ನು ಆ ಊರಿನಲ್ಲೇ ಇಟ್ಟಿದ್ದಾರೆ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ.

ನಾನು ಬಿಟ್ಟೇನೆಯೆ? ನಮ್ಮ ಅಜ್ಜ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದವ. 52 ಮೀಟರ್ ಮೇಲಿನಿಂದ ಘಟಪ್ರಭಾ ಧುಮುಕುವುದನ್ನು, ಆ ನೀರಿನ ಬಲದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲೇ ಮಿಲ್ಲು ಎದ್ದದ್ದನ್ನು, ತೂಗುಸೇತುವೆಯ ಮೇಲೆ ಗಾಳಿಗೆ ಎದೆ ನಡುಗುವುದನ್ನು ಅರ್ಧ ಟರ್ಕಿ ಭಾಷೆ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಮಿಲ್ಲಿನ ಭೋಂಗಾ ಹೇಗೆ ಕೂಗುತ್ತದೆ ಎಂದು ದೆದೆ ಕೇಳಿದ. ಕೂಗಿ ತೋರಿಸಿದೆ. ತನ್ನ ಕಾರ್ಖಾನೆಯದು ಹೀಗೆ ಎಂದು ಆತ ಕೂಗಿದ. ನನ್ನದು ಉದ್ದ ಎಂದು ನಾನು ಮತ್ತೆ ಕೂಗಿದೆ. ಅಡಿಗೆಮನೆಯಿಂದ ಆನ್ನೆ, ಅಂದರೆ ಆ ಮನೆಯ ಅವ್ವ, ಸೌಟು ಹಿಡಿದು ಓಡಿಬಂದು ಇಬ್ಬರನ್ನೂ ಒಟ್ಟಿಗೇ ಬೈದಳು. ಏನು ಬೈದಳೆಂದು ಪೂರ್ತಿ ತಿಳಿಯದಿದ್ದರೂ ಧಾಟಿ ಮಾತ್ರ ಅಪ್ಪಟ ಕೊಣ್ಣೂರಿನದು.

ಆನ್ನೆಗೆ ನನ್ನಿಂದಾದ ದೊಡ್ಡ ಕಷ್ಟ ಊಟದ್ದು. ನಮ್ಮದು ಲಿಂಗ ಕಟ್ಟಿದ ಮನೆ, ಮಾಂಸ ಮುಟ್ಟುವುದಿಲ್ಲ. “ಮಾಂಸ ಬೇಡವೆ? ಸರಿ, ಕೋಳಿ ಮಾಡುತ್ತೇನೆ” ಎಂದಳು ಮೊದಲ ದಿನ. ಕೋಳಿಯೂ ಬೇಡ ಎಂದಾಗ, ಕಾಯಿಲೆಯೇನಾದರೂ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಬದನೆಕಾಯಿ ನಮ್ಮಿಬ್ಬರನ್ನೂ ಕಾಪಾಡಿತು. ಇಡೀ ಬದನೆಕಾಯಿಯನ್ನು ಸೀಳಿ, ಈರುಳ್ಳಿ, ಟೊಮ್ಯಾಟೊ, ಬಳ್ಳೊಳ್ಳಿ ತುಂಬಿ, ಧಾರಾಳ ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿಡುವ ಪದಾರ್ಥವೊಂದುಂಟು. ಅದರ ಹೆಸರು ಇಮಾಮ್ ಬಾಯಿಲ್ದಿ, ಇಮಾಮರು ಮೂರ್ಛೆ ಹೋದರು ಅಂತ. ರುಚಿಗೆ ಮೂರ್ಛೆ ಹೋದರೋ ಎಣ್ಣೆಯ ಖರ್ಚು ಕೇಳಿ ಹೋದರೋ ಎಂಬುದರಲ್ಲಿ ಅಲ್ಲಿನವರಲ್ಲೇ ಭಿನ್ನಾಭಿಪ್ರಾಯವಿದೆ. ನನ್ನ ಮಟ್ಟಿಗೆ ಅದು ಶೇಂಗಾ, ಗುರೆಳ್ಳು ಮರೆತುಹೋದ ಎಣ್ಣಿಗಾಯಿ. ಅವ್ವ ಪಾರ್ಸೆಲ್ಲಿನಲ್ಲಿ ಕಳಿಸಿದ ಶೇಂಗಾ ಚಟ್ನಿಯನ್ನು ಮೇಲೆ ಉದುರಿಸಿಕೊಂಡೆ. ಆನ್ನೆಯೂ ಉದುರಿಸಿಕೊಂಡಳು. ಡಬ್ಬಿ ವಾರದೊಳಗೆ ಖಾಲಿ.

ಹಳ್ಳಿಯಿಂದ ನೆಂಟರು ತಂದ ಯುಫ್ಕಾ ನೋಡಿದ ದಿನವಂತೂ ಕಣ್ಣಲ್ಲಿ ನೀರು ಬಂತು. ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಸುಟ್ಟು, ಒಣಗಿಸಿ, ಒಂದರ ಮೇಲೊಂದು ಪೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಇದು ನಮ್ಮ ಖಡಕ್ ರೊಟ್ಟಿಯ ಬುಟ್ಟಿಯೇ. ಆದರೆ ಉಣ್ಣುವ ಮುಂಚೆ ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ. ಅಲ್ಲಿಗೆ ನನ್ನ ಗೌರವ ಸ್ವಲ್ಪ ಇಳಿಯಿತು. ಕಟಕಟ ಸದ್ದಿಲ್ಲದ ರೊಟ್ಟಿ ಎಂಥ ರೊಟ್ಟಿ?

ಚಹಾದ ವ್ಯವಹಾರ ಬೇರೆ. ಒಂದರ ಮೇಲೊಂದು ಕೂತ ಎರಡು ಕೆಟಲಿ. ಮೇಲಿನದರಲ್ಲಿ ಕಡುಚಹಾ, ಕೆಳಗಿನದರಲ್ಲಿ ಬಿಸಿನೀರು. ಸೊಂಟವಿರುವ ಪುಟ್ಟ ಗ್ಲಾಸು, ಹಾಲಿಲ್ಲ. ಗ್ಲಾಸು ಖಾಲಿಯಾದರೆ ತುಂಬುತ್ತಲೇ ಇರುತ್ತಾರೆ. ಸಾಕು ಎನ್ನಲು ಚಮಚೆಯನ್ನು ಗ್ಲಾಸಿನ ಬಾಯಿಗೆ ಅಡ್ಡ ಇಡಬೇಕು. ಸಾಲದ್ದಕ್ಕೆ ನಮ್ಮ ಕಡೆಯ ತಲೆಯಾಡಿಕೆ: ಹೂಂ ಎಂದು ನಾವು ಅತ್ತಿತ್ತ ಓಲಾಡಿಸುವ ತಲೆ ಅವರಿಗೆ ‘ತಿಳಿಯಲಿಲ್ಲ’ ಎಂದು ಕಾಣುತ್ತದೆ. ತಿಳಿಯಲಿಲ್ಲವೆಂದು ಅವರು ಮತ್ತೆ ಕೇಳುವುದು, ಹೂಂ ಎಂದು ನಾನು ಮತ್ತೆ ಓಲಾಡಿಸುವುದು. ಅವರು ಇಲ್ಲ ಎನ್ನಬೇಕಾದರೆ ಹುಬ್ಬು ಮೇಲೆತ್ತಿ ‘ಚ್ಚ್’ ಎನ್ನುತ್ತಾರೆ. ಆ ‘ಚ್ಚ್’ ಕಲಿತು ಊರಿಗೆ ಬಂದ ನಾನು ಸೋದರಮಾವನಿಗೆ ಹಾಗೆ ಅಂದು ಬೈಸಿಕೊಂಡದ್ದು ಆಮೇಲಿನ ಮಾತು.

ಆ ವರ್ಷ ದೀಪಾವಳಿ ನವೆಂಬರ್ 12ಕ್ಕೆ, ರಮಜಾನ್ ಹಬ್ಬ 14ಕ್ಕೆ. ಬೆಳಗಿನ ಜಾವ ಡೋಲು ಬಾರಿಸಿ ಉಪವಾಸದವರನ್ನು ಎಬ್ಬಿಸುವವನ ಜತೆ ನಾನೂ ಎದ್ದು, ಉಪವಾಸವಿಲ್ಲದೆಯೂ ಉಂಡು ಮಲಗುವುದು ರೂಢಿಯಾಗಿತ್ತು. ಅಮಾವಾಸ್ಯೆಯ ಸಂಜೆ ಬಾಲ್ಕನಿಯ ಅಂಚಿಗೆ ಮೇಣದ ದೀಪ ಸಾಲಾಗಿ ಹಚ್ಚಿದೆ. ಕೆಳಮನೆಯವರು ಮೆಟ್ಟಿಲು ಹತ್ತಿ ಬಂದು, “ನಿಮಗೂ ಕರೆಂಟು ಹೋಯಿತೆ?” ಎಂದು ಕೇಳಿದರು. ಬಾಬಾನ್ನೆ ಅವರನ್ನು ಒಳಗೆ ಕೂರಿಸಿ, ಇದು ಹುಡುಗಿಯ ಹಬ್ಬ ಎಂದು ನನಗೆ ಗೊತ್ತಿಲ್ಲದ ವಿವರಗಳನ್ನೆಲ್ಲ ಸೇರಿಸಿ ವರ್ಣಿಸಿದಳು. ಮೂರನೆಯ ದಿನ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡು ಮನೆಮನೆ ಸುತ್ತಿ ಮಿಠಾಯಿ, ಕಾಸು ಗಳಿಸಿದೆ. ಮುಂದೆ ಬಲಿಯ ಹಬ್ಬದ, ಅಂದರೆ ಬಕ್ರೀದಿನ, ಬೆಳಿಗ್ಗೆ ಮಾತ್ರ ಬಾಬಾ, ಅಂದರೆ ಮನೆಯ ಯಜಮಾನ, ಯಾರಿಗೂ ಏನೂ ಹೇಳದೆ ನನ್ನನ್ನು ಕರೆದುಕೊಂಡು ಪೊರ್ಸುಕ್ ಹೊಳೆಯ ದಂಡೆಗುಂಟ ಹಿಮದಲ್ಲಿ ಸುತ್ತಾಡಿಸಿದ. ಊರಿಗೆ ಆಗಷ್ಟೇ ಬಂದಿದ್ದ ಟ್ರಾಮಿನಲ್ಲಿ ಈ ತುದಿಯಿಂದ ಆ ತುದಿಗೆ ಒಯ್ದ. ಕಾರಣ ಆತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊರಿನಿಂದ ಫೋನು ಬಂದರೆ ಆಯಿ ಕೊಣ್ಣೂರಿನಿಂದ ಟರ್ಕಿಗೆ ಫೋನಿಲ್ಲದೆಯೇ ಕೇಳಿಸುವಷ್ಟು ಒದರುತ್ತಿದ್ದಳು.

“ಉಂಡ್ಯೇನವಾ?”

“ಹೂಂ ಆಯಿ. ನನ್ನ ಖೋಲಿ ಹೆಂಗೈತಿ?”

“ನಿನ್ನ ಖೋಲಿ ಎಲ್ಲೈತಿ ಈಗ? ನಿನ್ನ ಕಾಟಿನ ಮ್ಯಾಲ ಬ್ರೆಜಿಲ್ ಹುಡುಗ ಮಲಗ್ಯಾನ. ನಾಕು ಹೋಳಿಗಿ ತಿಂತಾನ, ಚಲೋ ಹುಡುಗ.”

ವಿನಿಮಯವೆಂದರೆ ಇದೇ ನೋಡಿ. ನಾನು ಇನ್ಯಾರದೋ ಮಂಚದ ಮೇಲೆ, ನನ್ನ ಮಂಚದ ಮೇಲೆ ಇನ್ಯಾರೋ. ಹೊಟ್ಟೆಕಿಚ್ಚಿಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗನಿಗೆ ಅವ್ವ ಏನೇನು ಮಾಡಿ ಬಡಿಸಿದಳೆಂದು ಕೇಳಿ ತಿಳಿದುಕೊಳ್ಳುವವರೆಗೂ ಸಮಾಧಾನವಿಲ್ಲ.

ವರ್ಷದಲ್ಲಿ ಒಂದೇ ಮನೆಯಲ್ಲಿ ಇರಗೊಡುವುದಿಲ್ಲ. ಫೆಬ್ರುವರಿಯಲ್ಲಿ ಹೊಳೆಯಾಚೆಯ ಇನ್ನೊಂದು ಮನೆಗೆ ನನ್ನನ್ನು ಕಳಿಸಿದರು. ಆನ್ನೆ ಹೊಸ ಆನ್ನೆಗೆ ಚೀಟಿ ಬರೆದುಕೊಟ್ಟಳು: ಕೋಳಿಯೂ ಮಾಂಸವೇ ಎನ್ನುತ್ತಾಳೆ, ನಂಬಬೇಕು, ಎರಡೂ ಹೊತ್ತು ಮೊಸರು, ಕಾಲುಚೀಲ ಹಾಕದೆ ಓಡಾಡುತ್ತಾಳೆ, ಬೈಯಬೇಕು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದಳು.

ಮನೆಯಿಂದ ಮನೆಗೆ ಹೋಗಿ ಉಣ್ಣುವುದು ನಮ್ಮ ಕಡೆ ಹೊಸದೇನಲ್ಲ. ವಾರಾನ್ನದ ಹುಡುಗರು ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ಉಂಡು ಓದಿದ ಕಾಲವಿತ್ತು. 1932ರಲ್ಲಿ ಬೆಳಗಾವಿಯಲ್ಲಿ ನಾಗನೂರು ಮಠದ ಶಿವಬಸವ ಸ್ವಾಮಿಗಳು ಪ್ರಸಾದ ನಿಲಯ ತೆರೆದ ಮೇಲೆ ಹಳ್ಳಿಯ ಎಷ್ಟೋ ಮಕ್ಕಳಿಗೆ ಪೇಟೆಯಲ್ಲಿ ಕಲಿಯಲು ನೆಲೆಯಾಯಿತು. ವಾರಾನ್ನ ಉಂಡವರ ನೆನಪುಗಳಲ್ಲಿ ಅನ್ನದ ಋಣದ ಜತೆ ಸಂಕೋಚವೂ ಇರುತ್ತದೆ. ಎರಡನೆಯ ಸಲ ನೀಡಿಸಿಕೊಳ್ಳಲು ನಾಚಿಕೆ. ಆ ಸಂಕೋಚ ಹೋಗುವುದು ಯಾವಾಗ ಎಂದು ನನಗೆ ಗೊತ್ತು. ಆ ಮನೆಯವರು ಬೈಯಲು ಸುರುಮಾಡಿದಾಗ. ಬೈಸಿಕೊಳ್ಳುವ ತನಕ ನೀವು ಅತಿಥಿ, ಆಮೇಲೆ ಮನೆಯವರು. ಈ ವಿಚಾರದಲ್ಲಿ ಆನ್ನೆ ನನ್ನನ್ನು ಹೆಚ್ಚು ಕಾಯಿಸಲಿಲ್ಲ.

ಬಾಬಾನ್ನೆ ಈಗಿಲ್ಲ, ದೆದೆಯೂ ಇಲ್ಲ. ಬಾಳೆಹಣ್ಣು ಮತ್ತು ಚಾಕುವಿನ ಗೀರು ಬಿದ್ದ ಪೇರಲ ಅವರ ಶೋಕೇಸಿನಲ್ಲಿವೆ ಎಂದು ಆನ್ನೆ ಫೋಟೊ ಕಳಿಸುತ್ತಾಳೆ. ಲಿರಾ ಮತ್ತೆ ಬೆಲೆ ಕಳೆದುಕೊಂಡಿದೆ. ಹಿಂದೆ ತೆಗೆದ ಸೊನ್ನೆಗಳು ಒಂದೊಂದಾಗಿ ವಾಪಸು ಬರುತ್ತಿವೆ, ನೀನೂ ಬಾ ಎನ್ನುತ್ತಾಳೆ. ಆಕೆಗೆ ನಾನು ತೀರಿಸಬೇಕಾದದ್ದನ್ನು ಆಕೆಗೇ ತೀರಿಸಲು ಬರುವಂತಿಲ್ಲ, ಈ ವ್ಯವಹಾರದ ರೀತಿಯೇ ಹಾಗೆ. ಬೇರೆ ಯಾರದೋ ಮಗುವಿಗೆ ಉಣಬಡಿಸಬೇಕು.

ಆದ್ದರಿಂದ ನಿಮ್ಮೂರಿನಲ್ಲಿ ಯಾರಾದರೂ ಬಂದು, ಪರದೇಶದ ಹುಡುಗನೋ ಹುಡುಗಿಯೋ ಬರುತ್ತಾರೆ, ನಾಲ್ಕು ತಿಂಗಳು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಎಸಿ ಇಲ್ಲ, ಇಂಗ್ಲಿಷ್ ಬರುವುದಿಲ್ಲ ಎಂದು ನೆಪ ಹೇಳಬೇಡಿ. ನಮ್ಮ ಆಯಿಗೂ ಬರುತ್ತಿರಲಿಲ್ಲ. ಒಂದು ಮಂಚ ಖಾಲಿ ಇದ್ದರೆ ಸಾಕು. ಅಡಿಗೆ ಬೇರೆ ಮಾಡಬೇಡಿ, ಖಾರ ಮಾತ್ರ ಮೊದಲ ವಾರ ಸ್ವಲ್ಪ ಕಡಿಮೆ ಹಾಕಿ. ಎರಡನೆಯ ವಾರದಿಂದ ಬೈಯಲು ಅಡ್ಡಿಯಿಲ್ಲ.