ಎರಡನೇ ಡಬ್ಬಿ

ಮಕ್ಕಳಿಗೆ ಪದ್ಯ ಬರೆಯುವವನು ಹೆಸರಿನ ಆಸೆ ಬಿಡಬೇಕು. ಪಂಜೆ ಮಂಗೇಶರಾಯರೇ ‘ಕವಿಶಿಷ್ಯ’ ಎಂಬ ಹೆಸರಿನ ಹಿಂದೆ ನಿಂತುಬಿಟ್ಟರು. ಅವರ ನಾಗರಹಾವಿನ ಪದ್ಯ ಹೇಳುವ ಮಗು ಬರೆದವರು ಯಾರೆಂದು ಕೇಳುವುದಿಲ್ಲ; ರಾಜರತ್ನಂ ಅವರ ತುತ್ತೂರಿಗೂ ಅದೇ ಗತಿ. ಪದ್ಯ ಬಾಯಿಗೆ ಹತ್ತಿತೆಂದರೆ ಕವಿ ಮನೆಗೆ ಹೋಗಬಹುದು. ನನಗೆ ಆ ತ್ರಾಸೂ ಇಲ್ಲ, ಮೇಲವಂಕಿಯ ಮನೆಯಲ್ಲೇ ಇರುತ್ತೇನೆ.

ಈ ಸೀಮೆಯಲ್ಲಿ ಬರೆಯುವವರಿಗೆ ಬರವಿಲ್ಲ. ಇದೇ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಆನಂದಕಂದರು ಹುಟ್ಟಿದರು, ಹುಕ್ಕೇರಿ ಕಡೆಯ ಘೋಡಗೇರಿಯಲ್ಲಿ 1937ರಲ್ಲಿ ಕಂಬಾರರು. ಅವರಿಗೆ ಜನಪದದ ಗತ್ತು ಒಲಿಯಿತು. ನನಗೆ ಒಲಿದದ್ದು ಟ್ರ್ಯಾಕ್ಟರ್.

ಕಬ್ಬಿನ ಹಂಗಾಮು ಶುರುವಾದರೆ ನಮ್ಮೂರ ಮಕ್ಕಳಿಗೆ ಆನೆ, ಒಂಟೆ, ರೈಲು ಯಾವುದೂ ಬೇಡ. ಎರಡು ಡಬ್ಬಿ, ಅಂದರೆ ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ಬೇಕು. ಹಿಂದೆ ಓಡಬೇಕು, ಒಂದು ಕಬ್ಬು ಜಗ್ಗಬೇಕು, ಡ್ರೈವರ್ ಬೈದರೆ ಇನ್ನೊಂದು ಜಗ್ಗಬೇಕು. ನಾನು ಜಗ್ಗಿದ್ದು ಚಕ್ಕಡಿಯಿಂದ. ಅದರ ಮೇಲೆ ಪದ್ಯ ಕಟ್ಟುವಷ್ಟು ಬುದ್ಧಿ ಬಲಿಯುವ ಹೊತ್ತಿಗೆ ಕಬ್ಬಿನ ಚಕ್ಕಡಿಗಳೇ ಕಡಿಮೆಯಾದವು. ಹಾಗಾಗಿ ಟ್ರ್ಯಾಕ್ಟರನ್ನಾದರೂ ಅದು ಇರುವಾಗಲೇ ಹಿಡಿಯೋಣವೆಂದು ಚಿತ್ರಪುಸ್ತಕ ಬರೆದೆ.

ಚಿತ್ರಪುಸ್ತಕವೆಂದರೆ ಮೊದಲು ಅಚ್ಚಿನವರ ಲೆಕ್ಕ. ಹಾಳೆ ಮಡಚಿದರೆ 16 ಪುಟ. ಹೆಸರು, ಹಕ್ಕು, ವಿಳಾಸ ಕಳೆದು ಉಳಿದದ್ದರಲ್ಲಿ ಕತೆ ಮುಗಿಯಬೇಕು. ಅದರಲ್ಲೂ ಚಿತ್ರ ತೋರಿಸಿದ್ದನ್ನು ಪದ್ಯ ಮತ್ತೆ ಹೇಳುವಂತಿಲ್ಲ. ‘ಕೆಂಪು ಟ್ರ್ಯಾಕ್ಟರ್’ ಎಂದಿದ್ದೆ. ಚಿತ್ರಕ್ಕೆ ಕೆಂಪು ಬಂತು, ನನ್ನ ಕೆಂಪು ಹೋಯಿತು. ಹಿಂದೆಯೇ ಕಬ್ಬಿನ ಹಸಿರೂ ಹೋಯಿತು. ವರ್ಷಗಟ್ಟಲೆ ಮಾತ್ರೆ ಎಣಿಸಿದ ನನಗೆ ಕಡೆಗೆ ಉಳಿದದ್ದು ಸಪ್ಪಳ: ಡುಗುಡುಗು, ಗಡಗಡ. ಓದಿದಾಗ ಮಕ್ಕಳು ಹಿಡಿದುಕೊಂಡದ್ದೂ ಅಷ್ಟನ್ನೇ. ಉಳಿದ ಸಾಲುಗಳನ್ನು ನನ್ನ ಮೇಲಿನ ಮರ್ಯಾದೆಗೆ ಕೇಳಿಸಿಕೊಂಡರು.

ಒಬ್ಬಳು ಚಿತ್ರದ ಮೇಲೆ ಬೆರಳಿಟ್ಟಳು: “ಇನ್ನೊಂದ ಡಬ್ಬಿ ಎಲ್ಲೈತ್ರಿ?”

ದೂರದ ನಗರದಲ್ಲಿ ಕೂತು ಬಿಡಿಸಿದವರು ಒಂದೇ ಡಬ್ಬಿ ಕಟ್ಟಿದ್ದರು. “ಹಿಂದ ಬರಾಕತ್ತೈತಿ” ಅಂದೆ. ಮಕ್ಕಳು ನಂಬಿ ಪುಟ ತಿರುವಿದರು. ಅಲ್ಲಿ ಪುಸ್ತಕದ ಬೆಲೆ ಇತ್ತು.

ಎರಡನೇ ಡಬ್ಬಿಗೂ ಪದ್ಯ ಬರೆದು ಕಳಿಸಿದೆ. ಸೇರಿಸಿದರೆ 24 ಪುಟವಾಗುತ್ತದೆ, ಬೆಲೆ ಏರುತ್ತದೆ ಎಂದು ಉತ್ತರ ಬಂತು. ಮಕ್ಕಳು ಅದಕ್ಕೆಲ್ಲ ಕಾಯಲಿಲ್ಲ, ತಾವೇ ಒಂದು ಡಬ್ಬಿ ಕಟ್ಟಿಕೊಂಡು ಓಣಿತುಂಬ ಹಾಡುತ್ತಿದ್ದಾರೆ. ಪ್ರಾಸ ನನ್ನದಕ್ಕಿಂತ ಚಂದ ಕೂತಿದೆ. ಕೊನೆಯ ಸಾಲು ಮಾತ್ರ ಡ್ರೈವರನ ಬೈಗುಳ, ಯಾವ ಪ್ರಕಾಶಕರೂ ಅಚ್ಚು ಹಾಕಲಾರರು.