ಗೂಡ್ಸ್ ಗಾಡಿಯ ಕೊನೆಯ ಡಬ್ಬಿ

ನಿವೃತ್ತಿಯ ನಂತರ ಮೇಷ್ಟ್ರು ಹೇಗೆ ಕಾಲ ಕಳೆಯುತ್ತಿದ್ದಾರೆಂದು ವಿಚಾರಿಸುವ ಹಳೆಯ ವಿದ್ಯಾರ್ಥಿಗಳು ನನ್ನ ಉತ್ತರ ಕೇಳಿ ನಗುತ್ತಾರೆ. ನಾನು ಗೂಡ್ಸ್ ಗಾಡಿಗಳ ಫೋಟೋ ತೆಗೆಯುತ್ತೇನೆ. ಹತ್ತಿರದಲ್ಲೇ ಹಂಪಿಯ ಕಲ್ಲಿನ ರಥವಿರುವಾಗ ಧೂಳು ಮೆತ್ತಿದ ಡಬ್ಬಿಗಳಲ್ಲಿ ಏನಿದೆ ಎಂಬುದು ಮನೆಯವರ ಆಕ್ಷೇಪ. ಅದಕ್ಕೆ ಸಮಾಧಾನವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪ್ಯಾಸೆಂಜರ್ ಗಾಡಿಯ ವೇಳೆ ಊರಿಗೆಲ್ಲ ತಿಳಿದಿರುತ್ತದೆ. ಗೂಡ್ಸ್ ಗಾಡಿ ಯಾವಾಗ ಬರುವುದೆಂದು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಮಾರ್ಗದ ಯಾವುದಾದರೊಂದು ಮೇಲ್ಸೇತುವೆಯ ಬದಿಯಲ್ಲಿ ನಿಂತು ಕಾಯಬೇಕು. ಕಾಯುವುದು ನನಗೆ ಹೊಸತಲ್ಲ. ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಸುಮ್ಮನೆ ನಿಂತು ಅಭ್ಯಾಸವಿದೆ.

ಪ್ರತಿ ಡಬ್ಬಿಯ ಮೇಲೂ ಹನ್ನೊಂದು ಅಂಕಿಗಳಿರುತ್ತವೆ. ಮೊದಲೆರಡು ಡಬ್ಬಿಯ ಬಗೆಯನ್ನೂ, ಮುಂದಿನೆರಡು ಅದರ ಒಡೆತನವನ್ನೂ, ಐದು ಮತ್ತು ಆರನೆಯವು ತಯಾರಾದ ವರ್ಷವನ್ನೂ ತಿಳಿಸುತ್ತವೆ. ಆ ಬಳಿಕದ ನಾಲ್ಕು ಕ್ರಮಸಂಖ್ಯೆ. ಕೊನೆಯದು ತಾಳೆ ನೋಡುವ ಅಂಕಿ. ಮೊದಲ ಹತ್ತರಲ್ಲಿ ಸಮಸ್ಥಾನದ ಅಂಕಿಗಳ ಮೊತ್ತವನ್ನು ಮೂರರಿಂದ ಗುಣಿಸಿ, ಬೆಸಸ್ಥಾನದವುಗಳ ಮೊತ್ತವನ್ನು ಕೂಡಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ ಆ ಅಂಕಿ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಹಬ್ಬ ಬೇಕೆ?

ಮೇಲಿನಿಂದ ನೋಡಿದರೆ ಇನ್ನೊಂದು ಪಾಠವೂ ಸಿಗುತ್ತದೆ. ಒಂದೇ ಬಗೆಯ ತೆರೆದ ಡಬ್ಬಿಯಲ್ಲಿ ಕಲ್ಲಿದ್ದಲು ಅಂಚಿನವರೆಗೂ ತುಂಬಿರುತ್ತದೆ. ಕಬ್ಬಿಣದ ಅದಿರು ಮಾತ್ರ ತಳದಲ್ಲಿ ಗುಡ್ಡೆಯಾಗಿರುತ್ತದೆ. ಅದಿರಿನ ಸಾಂದ್ರತೆ ಹೆಚ್ಚಾದ್ದರಿಂದ ಅಷ್ಟಕ್ಕೇ ಡಬ್ಬಿಯ ತೂಕದ ಮಿತಿ ಮುಗಿಯುತ್ತದೆ. ತರಗತಿಯಲ್ಲಿ ಸಾಂದ್ರತೆಯ ಪಾಠಕ್ಕೆ ಇಂಥ ಚಿತ್ರವೊಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು!

ನನ್ನ ಸಂಗ್ರಹ 2009ರಿಂದ ಆರಂಭವಾಗುತ್ತದೆ. ಮೊದಲ ವರ್ಷದ ಚಿತ್ರಗಳ ತುಂಬ ಅದಿರಿನ ಕೆಂಪು. ಜುಲೈ 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆಯೊಡ್ಡಿತು. ಜುಲೈ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ತಿಂಗಳುಗಳ ಚಿತ್ರಗಳಲ್ಲಿ ಕೆಂಪು ಕಡಿಮೆಯಾಗಿ, ಗೋವಾದ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ಕಲ್ಲಿದ್ದಲಿನ ಕಪ್ಪು ಉಳಿದುಕೊಂಡಿದೆ. ಹವ್ಯಾಸಕ್ಕಾಗಿ ತೆಗೆದ ಚಿತ್ರಗಳು ನಮ್ಮ ಜಿಲ್ಲೆಯ ದಿನಚರಿಯೂ ಆದವು.

ಬಂಧುಗಳಲ್ಲಿ ಹಿರಿಯರಿಗೆ ನೆನಪಿರಬಹುದು, ನನ್ನ ಸೋದರಮಾವ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಕಬ್ಬಿಣದ ಪೆಟ್ಟಿಗೆ, ಕೈದೀಪ, ಎರಡು ಬಾವುಟಗಳೊಂದಿಗೆ ಹೊರಟರೆ ಹಿಂದಿನ ಬ್ರೇಕ್ ವ್ಯಾನಿನಲ್ಲಿ ಇಡೀ ರಾತ್ರಿ ಒಬ್ಬರೇ. ಯಾವ ಹಬ್ಬಕ್ಕೂ ಸಮಯಕ್ಕೆ ಸರಿಯಾಗಿ ಬಂದವರಲ್ಲ. ಊಟದ ಎಲೆಯ ಮುಂದೆ ಅತ್ತೆ ಕಾಯುತ್ತಿದ್ದರು. ಅವರ ಮದುವೆಯ ಚಿತ್ರವೊಂದು ನಮ್ಮಲ್ಲಿದೆ. ಮೂವತ್ತು ವರ್ಷಗಳ ಕೆಲಸದ ಒಂದು ಚಿತ್ರವೂ ಇಲ್ಲ.

ಆದ್ದರಿಂದಲೇ ಎಂಜಿನ್ ದಾಟಿದೊಡನೆ ನಾನು ಕ್ಯಾಮೆರಾ ಕೆಳಗಿಳಿಸುವುದಿಲ್ಲ. ಐವತ್ತಕ್ಕೂ ಹೆಚ್ಚು ಡಬ್ಬಿಗಳು ಸಾಗಿ, ಕೊನೆಯ ವ್ಯಾನು ಬರುವವರೆಗೆ ಕಾಯುತ್ತೇನೆ. 2022ರಿಂದ ಗಾರ್ಡ್ ಎಂಬ ಹೆಸರು ಹೋಗಿ ಟ್ರೇನ್ ಮ್ಯಾನೇಜರ್ ಎಂದಾಗಿದೆ. ಹೆಸರು ಯಾವುದಾದರೇನು, ವ್ಯಾನಿನಲ್ಲಿ ನಿಂತ ಅವರು ಕೈ ಬೀಸಿದರೆ ನಾನೂ ಬೀಸುತ್ತೇನೆ. ಹಾಗೆ ತೆಗೆದ ಚಿತ್ರವೊಂದನ್ನು ಮುದ್ರಿಸಿ, ಸ್ಟೇಷನ್ನಿನವರ ಮೂಲಕ ಆ ವ್ಯಕ್ತಿಗೆ ತಲುಪಿಸಿದ್ದೆ. ಮನೆಯ ಗೋಡೆಗೆ ಹಾಕಿಸಿದ್ದಾರೆಂದು ಆಮೇಲೆ ತಿಳಿಯಿತು.

ಈ ಹುಚ್ಚು ಹಿಡಿಸಿಕೊಳ್ಳಬಯಸುವ ನನ್ನ ಮಕ್ಕಳಿಗೆ ಒಂದು ಮಾತು. ಹಳಿಯ ಮೇಲೆ ಕಾಲಿಡಬೇಡಿ. 1989ರ ರೈಲ್ವೆ ಕಾಯ್ದೆಯಂತೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸವಿದೆ. ಮೇಲ್ಸೇತುವೆಯಿಂದ ಕೋಲನ್ನಾಗಲಿ ಕೈಯನ್ನಾಗಲಿ ಕೆಳಗೆ ಚಾಚಬೇಡಿ; ಕೆಳಗಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ. ಮತ್ತು ನಿಮ್ಮ ಮನೆಯ ಹಿರಿಯರು ಇನ್ನೂ ದುಡಿಯುತ್ತಿದ್ದರೆ, ಅವರು ಕೆಲಸದಲ್ಲಿರುವಾಗ ಒಂದು ಫೋಟೋ ತೆಗೆದಿಡಿ.