ಲಾಲ್ ದೇವಳದಲ್ಲಿ ಯೋನನ ಮಧ್ಯಾಹ್ನ

2025ರ ಅಕ್ಟೋಬರ್ 2, ಗುರುವಾರ, ಇಳಿಹೊತ್ತು. ಪುಣೆಗೆ ಪುಣೆಯೇ ದಸರೆಯ ಸಡಗರದಲ್ಲಿದೆ. ರಿಕ್ಷಾಗಳ ಮೂತಿಗೆ ಚೆಂಡುಹೂವಿನ ಹಾರ, ಮೂಲೆಮೂಲೆಯಲ್ಲೂ ಬಂಗಾರವೆಂದು ಹಂಚುವ ಆಪಟೆ ಎಲೆಯ ಕಟ್ಟು. ಕ್ಯಾಂಪಿನಲ್ಲಿ ‘ಲಾಲ್ ದೇವಳ್’ ಎಂದರೆ ಸಾಕು, ರಿಕ್ಷಾದವರು ಮೋಲೆದಿನಾ ರಸ್ತೆಗೆ ತಂದು ಬಿಡುತ್ತಾರೆ. ಕೆಂಪು ಇಟ್ಟಿಗೆ, ಕರಿಕಲ್ಲು, ತಲೆಯೆತ್ತಿ ನೋಡಬೇಕಾದ ಗಡಿಯಾರದ ಗೋಪುರ. ಚರ್ಚೆಂದು ತಿಳಿದು ಮುಂದೆ ಹೋಗಿಬಿಟ್ಟೀರಿ. ಇದು ಓಹೆಲ್ ದಾವೀದ್, ಯೆಹೂದಿಗಳ ಸಿನಗಾಗ್. ಗೇಟಿನಲ್ಲಿ ಕಾವಲಿದೆ. ಮೊದಲೇ ಅನುಮತಿ ಕೇಳಿದ್ದೀರಿ, ಆದರೂ ಗುರುತಿನ ಚೀಟಿ ತೋರಿಸಿ, ಫೋನು ಆರಿಸಿ ಒಳಗೆ ಬನ್ನಿ.

ಬೀದಿಯಲ್ಲಿ ಹಬ್ಬದೂಟ ಮುಗಿದ ಹೊತ್ತು, ಒಳಗೆ ಉಪವಾಸ. ಯೆಹೂದಿಗಳ ಪಂಚಾಂಗವೂ ಚಂದ್ರನ ಬೆನ್ನು ಹಿಡಿದು ನಡೆಯುವಂಥದು, ಹೀಗಾಗಿ ತಿಷ್ರಿ ತಿಂಗಳ ಹತ್ತನೆಯ ದಿನದ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ, ಈ ವರ್ಷ ವಿಜಯದಶಮಿಯಂದೇ ಬಿದ್ದಿದೆ. ಬಿಳಿ ಅಂಗಿ, ಕಾಲಿಗೆ ತೊಗಲಿನದಲ್ಲದ ಚಪ್ಪಲಿ. ನಿಮಗೆ ಜಾಗ ಬಿಟ್ಟುಕೊಟ್ಟ ಕಾಕಾ ತುಟಿ ಒರೆಸಿಕೊಂಡು ಮರಾಠಿಯಲ್ಲಿ ಪಿಸುಗುಡುತ್ತಾರೆ: “ನಿನ್ನೆ ಸಂಜೆಯಿಂದ ನೀರೂ ಇಲ್ಲ.” ಅವರು ಬೆನೆ ಇಸ್ರೇಲರು. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಶನಿವಾರ ತೇಲಿ ಎಂದು ಕರೆದರು. ಇವತ್ತಿನ ದಿನ ಆ ಹಳ್ಳಿಗಳಲ್ಲಿ ಬಾಗಿಲು ಮುಚ್ಚುವ ಹಬ್ಬವಾಗಿತ್ತು. ಹೊರಗಿನವರ ಸೋಂಕಿಲ್ಲದೆ ಮನೆಯೊಳಗೇ ಬಿಳಿಬಟ್ಟೆಯಲ್ಲಿ ದಿನ ಕಳೆಯುತ್ತಿದ್ದರು.

ನಡುವಿನ ಕಟ್ಟೆಯ ಮೇಲೆ ಒಬ್ಬರು ಪುಸ್ತಕ ಬಿಡಿಸುತ್ತಾರೆ. ಯೋಮ್ ಕಿಪ್ಪುರದ ಮಧ್ಯಾಹ್ನ ಲೋಕದ ಯಾವ ಸಿನಗಾಗ್‌ಗೆ ಹೋದರೂ ಇದೇ ಓದು: ಪ್ರವಾದಿ ಯೋನನ ಕಥೆ. ರಾಗ ಏಳುತ್ತದೆ. ಹೀಬ್ರೂ ನಿಮಗೆ ಬಾರದು, ಆದರೆ ‘ನಿನೆವೆ’ ಎಂಬ ಹೆಸರು ಕಿವಿಗೆ ಸಿಗುತ್ತದೆ. ಆ ಊರಿಗೆ ಹೋಗಿ ತೀರ್ಪು ಸಾರು ಎಂದು ದೇವರು ಹೇಳಿದರೆ ಯೋನ ತದ್ವಿರುದ್ಧ ದಿಕ್ಕಿನ ಹಡಗು ಹತ್ತುತ್ತಾನೆ. ಬಿರುಗಾಳಿ. ನಾವಿಕರು ತಂತಮ್ಮ ದೇವರನ್ನು ಕೂಗುತ್ತಾರೆ, ಸರಕನ್ನು ಕಡಲಿಗೆ ಚೆಲ್ಲುತ್ತಾರೆ. ಪ್ರವಾದಿ ಮಾತ್ರ ಹಡಗಿನ ತಳದಲ್ಲಿ ಗಡದ್ದಾಗಿ ನಿದ್ದೆ. ಕಾಕಾ ಈಗ ಕಣ್ಣು ಮುಚ್ಚಿದ್ದಾರೆ. ಅವರ ಕುಲದ ಕಥೆಯೂ ಒಡೆದ ಹಡಗಿನಿಂದಲೇ ಶುರು: ಅಲಿಬಾಗದ ಬಳಿ ನವಗಾಂವದ ತೀರದಲ್ಲಿ ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು, ಅವರ ಸಂತಾನವೇ ತಾವು ಎಂದು ಬೆನೆ ಇಸ್ರೇಲರ ನಂಬಿಕೆ. ನಾವಿಕರು ಕಡಲಿಗೆ ಎಸೆದ ಯೋನನನ್ನು ಮೀನು ನುಂಗಿತು, ಮೂರು ದಿನದ ಮೇಲೆ ದಡಕ್ಕೆ ಕಕ್ಕಿತು ಎಂಬಲ್ಲಿಗೆ ಬಂದಾಗ ಇಲ್ಲಿ ಯಾರೂ ಅದನ್ನು ಮಕ್ಕಳ ಕಥೆಯೆಂದು ಕೇಳುತ್ತಿಲ್ಲ.

ಕಡೆಗೂ ನಿನೆವೆಗೆ ಹೋಗಿ, ನಲವತ್ತು ದಿನದಲ್ಲಿ ಊರು ನಾಶವಾದೀತೆಂದು ಯೋನ ಸಾರುತ್ತಾನೆ. ಅರಸ ಗದ್ದುಗೆಯಿಂದಿಳಿದು ಬೂದಿಯಲ್ಲಿ ಕೂರುತ್ತಾನೆ, ಜನ ಗೋಣಿತಟ್ಟು ಉಡುತ್ತಾರೆ, ದನಕರುಗಳಿಗೂ ಗೋಣಿತಟ್ಟು, ದನಕರುಗಳಿಗೂ ಉಪವಾಸ. ದೇವರು ಮನಸ್ಸು ಬದಲಿಸಿ ಊರನ್ನು ಉಳಿಸುತ್ತಾನೆ. ಯೋನನಿಗೆ ಸಿಟ್ಟು ನೆತ್ತಿಗೇರುವುದು ಆಗಲೇ. ನಿನೆವೆ ಅಸ್ಸೀರಿಯದ ಊರು; ಕ್ರಿ.ಪೂ. 722ರ ಸುಮಾರಿಗೆ ಉತ್ತರದ ಇಸ್ರೇಲ್ ರಾಜ್ಯವನ್ನು ಪುಡಿ ಮಾಡಿದವರು ಅದೇ ಅಸ್ಸೀರಿಯನ್ನರು. ಇಂಥವರಿಗೂ ಕರುಣೆಯೇ? ಸಾವೇ ವಾಸಿ ಎನ್ನುತ್ತಾನೆ. ಊರಾಚೆ ಕುಳಿತವನಿಗೆ ನೆರಳಾಗಿದ್ದ ಗಿಡವನ್ನು ಹುಳು ಕಡಿದು ಒಣಗಿಸಿದಾಗ ಗಿಡಕ್ಕಾಗಿ ಮರುಗುತ್ತಾನೆ. ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು, ಅವುಗಳಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಉತ್ತರಿಸುವುದಿಲ್ಲ.

ಓದುವವರು ಉಸಿರೆಳೆದುಕೊಂಡು ಇನ್ನೊಬ್ಬ ಪ್ರವಾದಿ ಮೀಕನ ಪುಸ್ತಕದ ಕಡೆಯ ಸಾಲುಗಳಿಗೆ ಹೋಗುತ್ತಾರೆ. ಅಲ್ಲಿ ದೇವರು ಜನರ ಪಾಪವನ್ನು ಕಡಲಾಳಕ್ಕೆ ಎಸೆಯುತ್ತಾನೆ. ಯೋನನನ್ನು ಎಸೆದದ್ದೂ ಕಡಲಿಗೇ. ಈ ಎರಡನ್ನು ಒತ್ತಟ್ಟಿಗೆ ಇಟ್ಟವರು ಯಾರೋ, ಬಲು ಜಾಣರು.

ಕಾಲು ಜೋಮು ಹಿಡಿದಿದ್ದರೆ ಅಂಗಳಕ್ಕೊಮ್ಮೆ ಹೋಗಿ ಬನ್ನಿ. ಅಲ್ಲಿರುವ ಗೋರಿ ಈ ಸಿನಗಾಗ್ ಕಟ್ಟಿಸಿದ ಡೇವಿಡ್ ಸಸೂನರದು. ಕೆಲಸ ಶುರುವಾದದ್ದು 1863ರಲ್ಲಿ, ಮುಗಿದದ್ದು 1867ರಲ್ಲಿ. ನಡುವೆ 1864ರಲ್ಲಿ ಪುಣೆಯಲ್ಲೇ ಅವರು ತೀರಿಕೊಂಡರು. ಬಾಗ್ದಾದಿನಿಂದ ಬಂದವರು. ಬಾಗ್ದಾದ್ ಇರುವುದು ಟೈಗ್ರಿಸ್ ನದಿಯ ದಂಡೆಯಲ್ಲಿ. ಅದೇ ನದಿಯ ಮೇಲ್ಗಡೆ, ಮೋಸುಲಿನ ಎದುರು ನಿನೆವೆಯ ಅವಶೇಷಗಳಿವೆ. ಯೋನನದೆಂದು ಅಲ್ಲಿ ಪೂಜೆಗೊಳ್ಳುತ್ತಿದ್ದ ಸಮಾಧಿಯನ್ನು 2014ರ ಜುಲೈನಲ್ಲಿ ಐಸಿಸ್ ಸ್ಫೋಟಿಸಿತು. ಸಸೂನರ ದಾನದಿಂದ ಈ ಊರಿಗೆ ದೊಡ್ಡಾಸ್ಪತ್ರೆ ಬಂತು. ಅವರ ಸಂಪತ್ತಿನ ಒಂದು ದೊಡ್ಡ ಪಾಲು ಚೀನಾಕ್ಕೆ ಅಫೀಮು ಮಾರಿ ಬಂದದ್ದು, ಇದೂ ನಿಜ. ಇವತ್ತು ಬೆಳಿಗ್ಗೆ ಇದೇ ಸಭಾಂಗಣದಲ್ಲಿ ಓದಿದ್ದು ಪ್ರವಾದಿ ಯೆಶಾಯನನ್ನು: ಉಪವಾಸದ ದಿನವೇ ಲಾಭ ಎಣಿಸಿ ಆಳುಗಳನ್ನು ಹಿಂಡುವವರ ವ್ರತ ತನಗೆ ಬೇಡ, ಹಸಿದವನಿಗೆ ರೊಟ್ಟಿ ಮುರಿದು ಕೊಡಿ ಎಂದು ದೇವರು ಗದರುವ ಅಧ್ಯಾಯ. ಕಟ್ಟಿಸಿದವರ ಮನೆಯಲ್ಲೇ ಕಟ್ಟಿಸಿದವರ ವಿಚಾರಣೆ ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರವಾದಿಗಳ ನಾಲಿಗೆ ಹರಿತವಾಗುವುದು ತಮ್ಮವರ ಮೇಲೆಯೇ. ಶತ್ರುವಿನ ಊರಿಗೆ ಬಂದಾಗ ಮೃದುವಾಗಬೇಕಾಗಿ ಬಂದ ಯೋನ ಪಾಪ, ಸಂಕಟಪಟ್ಟ.

ಒಳಗೆ ಕಡೆಯ ಪ್ರಾರ್ಥನೆ, ನೆಇಲಾ. ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಂತೆ, ತೀರ್ಪಿಗೆ ಮುದ್ರೆ ಬೀಳುವ ಗಳಿಗೆಯಂತೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಮೇಲಿನ ಜಗಲಿಯಲ್ಲಿ ಹೆಂಗಸರೂ. ಹಸಿದ ಕೊರಳುಗಳಿಗೆ ಎಲ್ಲಿಂದ ಬಂತೋ ಇಷ್ಟು ದನಿ. ಕತ್ತಲಾಗುತ್ತಿದ್ದಂತೆ ಕೊಂಬು ಮೊಳಗುತ್ತದೆ, ಉದ್ದಕ್ಕೆ. ಅದು ನಿಂತದ್ದೇ ತಡ, ಮಕ್ಕಳು ಬಾಗಿಲ ಕಡೆ ಓಡುತ್ತಾರೆ, ದೊಡ್ಡವರು ಕೈಹಿಡಿದು ಶುಭ ಕೋರುತ್ತಾರೆ, ನಿಮ್ಮ ಕೈಗೂ ಒಂದು ಲೋಟ ಶರಬತ್ತು.

ಕಾಕಾ ಎರಡು ಲೋಟ ಮುಗಿಸಿ ಮಾತಿಗೆ ಸಿಗುತ್ತಾರೆ. ನಾಳೆ ‘ಶಿಳಾ ಸಣ್’, ಹಿಂದಿನವರು ಮುಚ್ಚಿದ ಬಾಗಿಲು ತೆಗೆದು ಬಡವರಿಗೆ ದಾನ ಕೊಟ್ಟು ನೆಂಟರಿಷ್ಟರ ಮನೆಗೆ ಹೋಗುತ್ತಿದ್ದ ದಿನ.

“ಈಗಲೂ ಮಾಡ್ತೀರಾ ಕಾಕಾ?”

“ನಾಳೆ ಶುಕ್ರವಾರ. ಹುಡುಗರಿಗೆಲ್ಲ ಆಫೀಸು. ದಾನದ್ದು ನಾನು ನೋಡ್ಕೊಳ್ತೀನಿ, ನೆಂಟರು ಭಾನುವಾರದವರೆಗೆ ಕಾಯಲಿ.”